ಯಾವ ದಿನ ಎಷ್ಟಿತ್ತು: ಓವರ್‌ಡ್ರಾಫ್ಟ್ ಮತ್ತು ಬ್ಯಾಂಕ್ ಶುಲ್ಕಗಳ ಲೆಕ್ಕವನ್ನು ಅರಿಯುವ ಬಗೆ

ಡೊಂಬಿವಲಿಯಲ್ಲಿ ನಾವಿರುವ ಕಟ್ಟಡದ ಮೂರನೆಯ ಮಹಡಿಯ ಗೃಹಿಣಿಯೊಬ್ಬರು ಕಳೆದ ವರ್ಷ ಪಾಸ್‌ಬುಕ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರ ಯಜಮಾನರು ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಸಂಬಳ ಬರುವುದು ತಿಂಗಳ 7ನೇ ತಾರೀಖಿಗೆ, ಮನೆ ಸಾಲದ ಕಂತು ಹೋಗುವುದು 5ನೇ ತಾರೀಖಿಗೆ. ಆ ತಿಂಗಳು 5ರಂದು ಖಾತೆಯಲ್ಲಿ ಹಣ ಸಾಲದೆ ಕಂತು ಮರಳಿತ್ತು. ಸಾಲ ಕೊಟ್ಟ ಸಂಸ್ಥೆ 6ರಂದು ಮತ್ತೊಮ್ಮೆ ಕೇಳಿತ್ತು, ಆಗಲೂ ಮರಳಿತ್ತು. ಬ್ಯಾಂಕು ಎರಡು ಬಾರಿಯೂ 500 ರೂಪಾಯಿ ಶುಲ್ಕ ಮತ್ತು ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿಸಿ 590ರಂತೆ ಕಡಿದಿತ್ತು. ಸಾಲ ಕೊಟ್ಟವರು ತಮ್ಮ ಕಡೆಯಿಂದ ಇನ್ನೊಂದು 590 ಹಾಕಿದ್ದರು. ಎರಡು ದಿನದ ಅಂತರಕ್ಕೆ 1,770 ರೂಪಾಯಿ. "ದುಡ್ಡು ಬಂದಿದೆಯಲ್ಲ ಅಣ್ಣಾ, ಎರಡು ದಿನ ತಡ ಆಯ್ತು ಅಷ್ಟೆ. ಅದಕ್ಕೆ ಇಷ್ಟು ತೆಗೆಯುವುದಾ?" ಎಂದು ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಆದರೆ ಬ್ಯಾಂಕಿನ ಲೆಕ್ಕದ ಯಂತ್ರಕ್ಕೆ "ಬಂದಿದೆ" ಎಂಬ ಮಾತು ತಿಳಿಯುವುದಿಲ್ಲ. "5ನೇ ತಾರೀಖಿಗೆ ಎಷ್ಟಿತ್ತು" ಎಂಬುದಷ್ಟೇ ತಿಳಿಯುತ್ತದೆ.

ಮುಂಬಯಿಯ ಬೇರೆ ಬೇರೆ ಶಾಖೆಗಳಲ್ಲಿ ಮೂರು ದಶಕ ಕೌಂಟರಿನ ಈಚೆಗೆ ಕುಳಿತು ದುಡಿದವನಾಗಿ ನಾನು ಗಮನಿಸಿದ್ದು ಇದನ್ನೇ. ಅನಿರೀಕ್ಷಿತ ಶುಲ್ಕ ಕಟ್ಟಿದವರಲ್ಲಿ ನಿಜಕ್ಕೂ ಹಣವಿಲ್ಲದವರು ಕಡಿಮೆ. ಹಣವಿದ್ದೂ ಅದು ಬೇಕಾದ ದಿನ ಬೇಕಾದ ಖಾತೆಯಲ್ಲಿ ಇಲ್ಲದವರೇ ಹೆಚ್ಚು. ನಮ್ಮವರು ಪಾಸ್‌ಬುಕ್ ಮುದ್ರಿಸಿಕೊಂಡು ಬಂದರೆ ಕೊನೆಯ ಸಾಲಿನ ಮೊತ್ತವನ್ನು ನೋಡಿ ಮಡಚಿಡುತ್ತಾರೆ. ಬ್ಯಾಂಕು ನೋಡುವುದು ಎಡಗಡೆಯ ತಾರೀಖಿನ ಕಂಬವನ್ನು. ಓವರ್‌ಡ್ರಾಫ್ಟಿನ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ತೆಗೆದ ಹಣದ) ಬಡ್ಡಿ, ಕನಿಷ್ಠ ಶಿಲ್ಕಿನ (ಖಾತೆಯಲ್ಲಿ ಇರಲೇಬೇಕಾದ ಮೊತ್ತದ) ದಂಡ, ಕಂತು ಮರಳಿದ ಶುಲ್ಕ, ಇವೆಲ್ಲವೂ ಹುಟ್ಟುವುದು ಆ ಕಂಬದಿಂದಲೇ. ಆದ್ದರಿಂದ ಮೊದಲು ದಿನದ ಶಿಲ್ಕಿನ ಲೆಕ್ಕವನ್ನು ಅರಿತುಕೊಂಡರೆ ಉಳಿದುದೆಲ್ಲ ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ಸರಾಸರಿ ಶಿಲ್ಕು ಎಂದರೆ ಏನು

ಪ್ರತಿದಿನ ವ್ಯವಹಾರ ಮುಗಿದ ಮೇಲೆ ಖಾತೆಯಲ್ಲಿ ಉಳಿದ ಮೊತ್ತವೇ ಆ ದಿನದ ಕೊನೆಯ ಶಿಲ್ಕು. ಉಳಿತಾಯ ಖಾತೆಯ ಬಡ್ಡಿಯನ್ನು 2010ರ ಏಪ್ರಿಲ್ 1ರಿಂದ ಈ ದಿನದ ಶಿಲ್ಕಿನ ಮೇಲೆಯೇ ಲೆಕ್ಕಹಾಕಲಾಗುತ್ತಿದೆ. ಸರಾಸರಿ ಮಾಸಿಕ ಶಿಲ್ಕು ಎಂದರೆ ತಿಂಗಳ ಎಲ್ಲ ದಿನಗಳ ಕೊನೆಯ ಶಿಲ್ಕುಗಳನ್ನು ಕೂಡಿಸಿ ದಿನಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಮೊತ್ತ. "ಖಾತೆಯಲ್ಲಿ ಯಾವಾಗಲೂ 10,000 ಇರಬೇಕು" ಎಂದು ಹಲವರು ತಿಳಿದಿರುತ್ತಾರೆ. ಬ್ಯಾಂಕು ಸರಾಸರಿಯನ್ನು ಕೇಳುತ್ತಿದ್ದರೆ ಆ ತಿಳಿವಳಿಕೆ ಸರಿಯಲ್ಲ.

ಒಂದು ಲೆಕ್ಕವನ್ನು ಮಾಡಿ ನೋಡೋಣ. 30 ದಿನಗಳ ತಿಂಗಳು, ಬೇಕಾದ ಸರಾಸರಿ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲ 6 ದಿನ ಖಾತೆಯಲ್ಲಿ ದಿನಕ್ಕೆ 1,000 ಮಾತ್ರ ಇತ್ತು. 7ರಂದು ಸಂಬಳ ಬಂದು 9ರವರೆಗೆ ಮೂರು ದಿನ 30,000 ಇತ್ತು. ಬಾಡಿಗೆ, ಶಾಲೆಯ ಶುಲ್ಕ, ದಿನಸಿ ಎಂದು ಹೋದ ಮೇಲೆ ಉಳಿದ 21 ದಿನ 4,000ದಂತೆ ಇತ್ತು. ಕೂಡಿಸಿದರೆ 6,000, 90,000 ಮತ್ತು 84,000 ಸೇರಿ ಒಟ್ಟು 1,80,000. ಮೂವತ್ತರಿಂದ ಭಾಗಿಸಿದರೆ ಸರಾಸರಿ 6,000, ಕೊರತೆ 4,000. ಬ್ಯಾಂಕು ಕೊರತೆಯ ಮೇಲೆ ಶೇಕಡಾ 6ರಷ್ಟು ದಂಡ ಹಾಕುವುದಾದರೆ 240 ರೂಪಾಯಿ, ಜಿಎಸ್‌ಟಿ ಸೇರಿ 283 ರೂಪಾಯಿ 20 ಪೈಸೆ.

ಇದೇ ಲೆಕ್ಕ ದಂಡವನ್ನು ತಪ್ಪಿಸುವ ದಾರಿಯನ್ನೂ ತೋರಿಸುತ್ತದೆ. ಬೇಕಾದ ಒಟ್ಟು ಮೊತ್ತ 3,00,000, ಆಗಿರುವುದು 1,80,000. ಹಾಗಾದರೆ 1,20,000ದ ಕೊರತೆಯನ್ನು ಉಳಿದ ದಿನಗಳಲ್ಲಿ ತುಂಬಿಸಿದರೆ ಸಾಕು. 25ನೇ ತಾರೀಖಿಗೆ ಎಚ್ಚೆತ್ತು ಬೇರೆ ಖಾತೆಯಲ್ಲಿರುವ 20,000 ರೂಪಾಯಿಯನ್ನು ಇಲ್ಲಿಗೆ ತಂದು ತಿಂಗಳ ಕೊನೆಯವರೆಗೆ ಆರು ದಿನ ಮುಟ್ಟದೆ ಬಿಟ್ಟರೆ ಆರು ಇಪ್ಪತ್ತು ಸಾವಿರಗಳು ಸೇರಿ ಸರಿಯಾಗಿ 1,20,000 ಆಗುತ್ತದೆ. ಹಣ ಖರ್ಚಾಗುವುದಿಲ್ಲ, ಮುಂದಿನ ತಿಂಗಳ 1ನೇ ತಾರೀಖಿಗೆ ಹಿಂದಕ್ಕೆ ಒಯ್ಯಬಹುದು. ಕೆಲವು ಬ್ಯಾಂಕುಗಳು ತಿಂಗಳ ಬದಲು ಮೂರು ತಿಂಗಳ ಸರಾಸರಿಯನ್ನು ನೋಡುತ್ತವೆ. ನಿಮ್ಮ ಖಾತೆಗೆ ಯಾವುದು ಅನ್ವಯಿಸುತ್ತದೆ ಎಂಬುದನ್ನು ಶಾಖೆಯಲ್ಲಿ ಕೇಳಿ ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

ಈ ದಂಡದ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ನಿಯಮಗಳು ಗ್ರಾಹಕರ ಪರವಾಗಿಯೇ ಇವೆ, ಆದರೆ ಅವು ಗ್ರಾಹಕರಿಗೆ ತಿಳಿದಿಲ್ಲ. 2014ರ ನವೆಂಬರಿನಲ್ಲಿ ಹೊರಡಿಸಿ 2015ರ ಏಪ್ರಿಲ್ 1ರಿಂದ ಜಾರಿಗೆ ತಂದ ಸುತ್ತೋಲೆಯ ಪ್ರಕಾರ, ಉಳಿತಾಯ ಖಾತೆಯ ಶಿಲ್ಕು ಕನಿಷ್ಠ ಮಟ್ಟಕ್ಕಿಂತ ಇಳಿದಾಗ ಬ್ಯಾಂಕು ಎಸ್‌ಎಂಎಸ್, ಇ‑ಮೇಲ್ ಅಥವಾ ಪತ್ರದ ಮೂಲಕ ಗ್ರಾಹಕನಿಗೆ ತಿಳಿಸಬೇಕು. ತಿಳಿಸಿದ ಒಂದು ತಿಂಗಳೊಳಗೆ ಶಿಲ್ಕು ಸರಿಯಾಗದಿದ್ದರೆ ಮಾತ್ರ ದಂಡ ಹಾಕಬಹುದು. ದಂಡವು ಕೊರತೆಯ ಮೊತ್ತದ ಇಂತಿಷ್ಟು ಶೇಕಡಾ ಎಂದು ಇರಬೇಕು. ನೂರು ರೂಪಾಯಿ ಕಡಿಮೆ ಇದ್ದವನಿಗೂ ಒಂಬತ್ತು ಸಾವಿರ ಕಡಿಮೆ ಇದ್ದವನಿಗೂ ಒಂದೇ ದಂಡ ಹಾಕುವಂತಿಲ್ಲ. ಈ ದಂಡದ ಕಾರಣದಿಂದಲೇ ಉಳಿತಾಯ ಖಾತೆ ಸೊನ್ನೆಗಿಂತ ಕೆಳಗಿಳಿದು ಮೈನಸ್ ಆಗಲೂಕೂಡದು. ನಿಮ್ಮ ಫೋನ್ ನಂಬರನ್ನು ಬದಲಾಯಿಸಿದ ಮೇಲೆ ಬ್ಯಾಂಕಿಗೆ ತಿಳಿಸಿರದಿದ್ದರೆ ಈ ಎಚ್ಚರಿಕೆಯ ಸಂದೇಶ ಹಳೆಯ ನಂಬರಿಗೆ ಹೋಗಿರುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನೂ ಒಂದು ಸಂಗತಿ. ಸ್ಟೇಟ್ ಬ್ಯಾಂಕು 2020ರ ಮಾರ್ಚಿನಲ್ಲಿ, ಕೆನರಾ ಬ್ಯಾಂಕು 2025ರ ಜೂನಿನಲ್ಲಿ, ಬ್ಯಾಂಕ್ ಆಫ್ ಬರೋಡಾ 2025ರ ಜುಲೈಯಲ್ಲಿ ಸಾಮಾನ್ಯ ಉಳಿತಾಯ ಖಾತೆಗಳಿಗೆ ಈ ದಂಡವನ್ನು ಕೈಬಿಟ್ಟಿವೆ. ಆದರೆ ಆ ರಿಯಾಯಿತಿ ಚಾಲ್ತಿ ಖಾತೆಗೆ ಅನ್ವಯಿಸುವುದಿಲ್ಲ. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ, ಎಸ್‌ಎಂಎಸ್ ಶುಲ್ಕ, ಚೆಕ್ಕು ಮರಳಿದ ಶುಲ್ಕ ಇವೂ ಅದರಿಂದ ನಿಲ್ಲುವುದಿಲ್ಲ. ಖಾಸಗಿ ಬ್ಯಾಂಕುಗಳಲ್ಲಿ ಕನಿಷ್ಠ ಶಿಲ್ಕು ಖಾತೆಯ ಶಾಖೆ ಎಲ್ಲಿದೆ ಎಂಬುದರ ಮೇಲೆ ನಿಂತಿರುವುದು ಸಾಮಾನ್ಯ: ಮಾಟುಂಗಾದ ಶಾಖೆಯಲ್ಲಿ ತೆರೆದ ಖಾತೆಗೆ ಮಹಾನಗರದ ಮೊತ್ತ, ಕಾರ್ಕಳದ ಶಾಖೆಯ ಖಾತೆಗೆ ಅದಕ್ಕಿಂತ ಕಡಿಮೆ ಮೊತ್ತ. ನಿವೃತ್ತರಾಗಿ ಊರಿಗೆ ಹೋಗಿ ನೆಲೆಸಿದ ಮೇಲೂ ಮುಂಬಯಿಯ ಶಾಖೆಯಲ್ಲೇ ಖಾತೆಯನ್ನು ಉಳಿಸಿಕೊಂಡು ಮಹಾನಗರದ ಲೆಕ್ಕದಲ್ಲಿ ದಂಡ ಕಟ್ಟಿದವರನ್ನು ನಾನು ಕಂಡಿದ್ದೇನೆ. ಖಾತೆಯನ್ನು ಹತ್ತಿರದ ಶಾಖೆಗೆ ವರ್ಗಾಯಿಸಲು ಒಂದು ಅರ್ಜಿ ಸಾಕು, ಖಾತೆಯ ಸಂಖ್ಯೆಯೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಐಎಫ್‌ಎಸ್‌ಸಿ ಸಂಕೇತ ಮಾತ್ರ ಬೇರೆಯಾಗುತ್ತದೆ.

ಸಂಬಳದ ಖಾತೆಯವರಿಗೆ ಬೇರೆಯೇ ಅಪಾಯವಿದೆ. ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ಕಂಪನಿ ಬದಲಾಯಿಸಿದಾಗ ಹಳೆಯ ಸಂಬಳದ ಖಾತೆಯನ್ನು ಹಾಗೆಯೇ ಬಿಟ್ಟಿದ್ದ. ಸೊನ್ನೆ ಶಿಲ್ಕಿನ ಸೌಲಭ್ಯ ಇರುವುದು ಸಂಬಳ ಬರುತ್ತಿರುವವರೆಗೆ. ಕೆಲವು ತಿಂಗಳು, ಅನೇಕ ಬ್ಯಾಂಕುಗಳಲ್ಲಿ ಮೂರು ತಿಂಗಳು, ಸಂಬಳ ಜಮೆಯಾಗದಿದ್ದರೆ ಅದು ಸಾಮಾನ್ಯ ಉಳಿತಾಯ ಖಾತೆಯಾಗಿ ಮಾರ್ಪಡುತ್ತದೆ, ಆ ದಿನದಿಂದ ಕನಿಷ್ಠ ಶಿಲ್ಕಿನ ನಿಯಮ ತಾನಾಗಿ ಹತ್ತಿಕೊಳ್ಳುತ್ತದೆ. ಅವನು ವರ್ಷದ ನಂತರ ಅಲ್ಲಿಗೆ ಯಾವುದೋ ಮರುಪಾವತಿಯ ಹಣ ಬಂದಾಗ ನೋಡಿದರೆ, ಬಾಕಿ ಉಳಿದಿದ್ದ ಶುಲ್ಕಗಳೆಲ್ಲ ಆ ಹಣದಿಂದಲೇ ಕಡಿತವಾಗಿದ್ದವು. ಕೆಲಸ ಬಿಟ್ಟ ವಾರದಲ್ಲೇ ಹಳೆಯ ಖಾತೆಯನ್ನು ಮುಚ್ಚಬೇಕು. ಇಲ್ಲವೇ ಕನಿಷ್ಠ ಶಿಲ್ಕಿನ ಕಟ್ಟುಪಾಡಿಲ್ಲದ ಮೂಲಭೂತ ಉಳಿತಾಯ ಖಾತೆಯಾಗಿ ಮಾರ್ಪಡಿಸಲು ಅರ್ಜಿ ಕೊಡಬಹುದು. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರುವವರಿಗೆ ಅದು ಸಿಗುವುದಿಲ್ಲ.

ಓವರ್‌ಡ್ರಾಫ್ಟು ಖಾತೆಯ ಹಣವಲ್ಲ, ದಿನಗಣನೆಯ ಸಾಲ

ಓವರ್‌ಡ್ರಾಫ್ಟ್ ಎಂಬ ಪದವನ್ನು ನಮ್ಮ ಹೋಟೆಲಿನವರು ಸರಳವಾಗಿ ಓಡಿ ಎನ್ನುತ್ತಾರೆ. ಖಾತೆಯಲ್ಲಿರುವ ಸ್ವಂತ ಹಣ ಮುಗಿದ ಮೇಲೂ ಒಂದು ಮಿತಿಯವರೆಗೆ ತೆಗೆಯಲು ಬ್ಯಾಂಕು ಮೊದಲೇ ಮಂಜೂರು ಮಾಡಿಕೊಟ್ಟ ಅನುಮತಿಯೇ ಓಡಿ. ಪರದೇಶಗಳಲ್ಲಿರುವ ಮಕ್ಕಳು ಅಲ್ಲಿನ ಸಾಮಾನ್ಯ ಖಾತೆಯೇ ಮೈನಸ್ ಆಗುವುದನ್ನು ಹೇಳುವುದುಂಟು. ನಮ್ಮಲ್ಲಿ ಮಂಜೂರಾತಿಯಿಲ್ಲದ ಉಳಿತಾಯ ಖಾತೆಯಿಂದ ಇರುವುದಕ್ಕಿಂತ ಹೆಚ್ಚು ತೆಗೆಯಲು ಬರುವುದಿಲ್ಲ, ವ್ಯವಹಾರವೇ ತಿರಸ್ಕೃತವಾಗುತ್ತದೆ. ಚಾಲ್ತಿ ಖಾತೆಯವರಿಗೆ ಮ್ಯಾನೇಜರು ತಮ್ಮ ವಿವೇಚನೆಯಿಂದ ಒಂದೆರಡು ದಿನದ ತಾತ್ಕಾಲಿಕ ಓಡಿ ಕೊಟ್ಟು ಚೆಕ್ಕನ್ನು ಉಳಿಸುವುದಿದೆ, ಆದರೆ ಅದಕ್ಕೆ ಬಡ್ಡಿ ಹೆಚ್ಚು, ಮತ್ತು ಅದು ಹಕ್ಕಲ್ಲ.

ಓಡಿಯ ಬಡ್ಡಿಯೂ ದಿನದ ಕೊನೆಯ ಶಿಲ್ಕಿನ ಲೆಕ್ಕವೇ, ಇಲ್ಲಿ ಶಿಲ್ಕು ನಿಮ್ಮದಲ್ಲ, ನೀವು ಕೊಡಬೇಕಾದದ್ದು. ಅಂಧೇರಿಯಲ್ಲಿ ಕೇಟರಿಂಗ್ ನಡೆಸುವ ಒಬ್ಬರಿಗೆ 5 ಲಕ್ಷದ ಮಿತಿ, ಶೇಕಡಾ 11ರ ಬಡ್ಡಿ ಎಂದಿರಲಿ. ಮದುವೆಯ ಸೀಸನ್ನಿನಲ್ಲಿ ದಿನಸಿ ತರಲು 2 ಲಕ್ಷ ತೆಗೆದು 12 ದಿನಕ್ಕೆ ಹಿಂದಿರುಗಿಸಿದರೆ ಬಡ್ಡಿ ಸುಮಾರು 723 ರೂಪಾಯಿ: ಎರಡು ಲಕ್ಷಕ್ಕೆ ವರ್ಷಕ್ಕೆ 22,000, ಅದನ್ನು 365ರಿಂದ ಭಾಗಿಸಿ 12ರಿಂದ ಗುಣಿಸಿದರೆ ಬರುವ ಮೊತ್ತ. ಬಳಸದ ಮೂರು ಲಕ್ಷಕ್ಕೆ ಬಡ್ಡಿ ಇಲ್ಲ. ಕಂತಿನ ಸಾಲಕ್ಕಿಂತ ಓಡಿ ಅನುಕೂಲವಾಗುವುದು ಇಲ್ಲಿಯೇ. ಆದರೆ ಅದೇ 2 ಲಕ್ಷವನ್ನು ವರ್ಷವಿಡೀ ಹಾಗೆಯೇ ಬಿಟ್ಟುಕೊಂಡರೆ 22,000 ರೂಪಾಯಿ ಬಡ್ಡಿ ತೆತ್ತ ಮೇಲೂ ಅಸಲು ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಕಂತಿನ ಸಾಲ ತಿಂಗಳು ತಿಂಗಳೂ ಅಸಲನ್ನು ತಾನೇ ಇಳಿಸುತ್ತದೆ, ಓಡಿಯಲ್ಲಿ ಇಳಿಸುವ ಹೊಣೆ ನಿಮ್ಮದು. ಫ್ರಿಜ್, ಗ್ರೈಂಡರ್, ಒಳಾಂಗಣದ ಕೆಲಸ ಇಂಥ ವರ್ಷಗಟ್ಟಲೆಯ ಖರ್ಚಿಗೆ ಓಡಿ ಬಳಸುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಓಡಿ ಇರುವವರು ದಿನದ ಗಲ್ಲಾಪೆಟ್ಟಿಗೆಯ ಹಣವನ್ನು ಮನೆಯಲ್ಲಾಗಲಿ ಬೇರೆ ಉಳಿತಾಯ ಖಾತೆಯಲ್ಲಾಗಲಿ ಇಡುವುದರಿಂದ ನಷ್ಟವೇ. ಉಳಿತಾಯ ಖಾತೆ ಕೊಡುವುದು ಸುಮಾರು ಶೇಕಡಾ 2.5, ಓಡಿ ತಿನ್ನುವುದು ಶೇಕಡಾ 11. ಒಂದು ಲಕ್ಷವನ್ನು ಆಚೆ ಇಟ್ಟುಕೊಂಡು ಈಚೆ ಒಂದು ಲಕ್ಷ ಓಡಿ ಬಳಸಿದವನು ವರ್ಷಕ್ಕೆ ಸುಮಾರು 8,500 ರೂಪಾಯಿಯನ್ನು ಸುಮ್ಮನೆ ಕಳೆದುಕೊಳ್ಳುತ್ತಾನೆ. ಸಂಜೆ ಓಡಿ ಖಾತೆಗೆ ಜಮೆ ಮಾಡಿ, ಬೆಳಿಗ್ಗೆ ಬೇಕಾದರೆ ತೆಗೆಯಿರಿ. ಆ ಒಂದು ರಾತ್ರಿಯ ಬಡ್ಡಿ ಉಳಿಯುತ್ತದೆ. ನಗದು ಜಮೆಗೆ ಮಾತ್ರ ಒಂದು ಎಚ್ಚರಿಕೆ ಬೇಕು: ಚಾಲ್ತಿ ಮತ್ತು ಓಡಿ ಖಾತೆಗಳಿಗೆ ತಿಂಗಳಿಗೆ ಇಷ್ಟು ನಗದಿನವರೆಗೆ ಉಚಿತ ಎಂಬ ಮಿತಿ ಇರುತ್ತದೆ, ಅದನ್ನು ದಾಟಿದ ಪ್ರತಿ ಸಾವಿರಕ್ಕೆ ಶುಲ್ಕ ಬೀಳುತ್ತದೆ. ಗಿರಾಕಿಗಳು ಯುಪಿಐ ಕ್ಯೂಆರ್ ಮೂಲಕ ತಮ್ಮ ಬ್ಯಾಂಕ್ ಖಾತೆಯಿಂದ ಕೊಡುವ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಯ ಮೇಲೆ ಶುಲ್ಕವಿಲ್ಲ. ಆ ಕ್ಯೂಆರನ್ನು ಓಡಿ ಖಾತೆಗೇ ಜೋಡಿಸಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ಮಿತಿಯನ್ನು ಅಂಚಿನವರೆಗೆ ಬಳಸುವವರು ಎಡವುವುದು ತಿಂಗಳ ಕೊನೆಯ ದಿನ. 5 ಲಕ್ಷದ ಮಿತಿಯಲ್ಲಿ 5 ಲಕ್ಷವನ್ನೂ ತೆಗೆದುಕೊಂಡು ಕುಳಿತರೆ ಆ ದಿನ ಬ್ಯಾಂಕು ತಿಂಗಳ ಬಡ್ಡಿ ಸುಮಾರು 4,520 ರೂಪಾಯಿಯನ್ನು ಅದೇ ಖಾತೆಗೆ ಖರ್ಚು ಹಾಕುತ್ತದೆ; ಖಾತೆ 5,04,520ಕ್ಕೆ ಏರಿ ಮಿತಿಯನ್ನು ದಾಟುತ್ತದೆ. ನೀವು ಒಂದು ಪೈಸೆಯನ್ನೂ ತೆಗೆಯದೆ ಮಿತಿ ಮೀರಿದವರಾಗುತ್ತೀರಿ, ದಂಡ ಶುಲ್ಕ ಬೀಳುತ್ತದೆ, ಮರುದಿನ ಬಂದ ಚೆಕ್ಕು ಮರಳುತ್ತದೆ. ಆದ್ದರಿಂದ ಮಿತಿಯಲ್ಲಿ ಕನಿಷ್ಠ ಒಂದೂವರೆ ತಿಂಗಳ ಬಡ್ಡಿಯಷ್ಟು ಜಾಗವನ್ನು ಸದಾ ಖಾಲಿ ಬಿಟ್ಟಿರಬೇಕು. ಸತತ 90 ದಿನ ಖಾತೆ ಮಿತಿಯ ಮೇಲೆಯೇ ಉಳಿದರೆ, ಅಥವಾ 90 ದಿನಗಳಲ್ಲಿ ಜಮೆಯೇ ಆಗದಿದ್ದರೆ, ಅಥವಾ ಆದ ಜಮೆ ಆ ಅವಧಿಯ ಬಡ್ಡಿಗೂ ಸಾಲದಿದ್ದರೆ ಅದನ್ನು ಅನುತ್ಪಾದಕ ಸಾಲವೆಂದು, ಅಂದರೆ ಮರುಪಾವತಿ ನಿಂತ ಸಾಲವೆಂದು, ವರ್ಗೀಕರಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅಲ್ಲಿಗೆ ತಲುಪಿದರೆ ಮುಂದೆ ಮನೆ ಸಾಲ ಕೇಳುವಾಗಲೂ ಅದು ಸಾಲದ ಇತಿಹಾಸದಲ್ಲಿ ಕಾಣಿಸುತ್ತದೆ.

ದಾಸ್ತಾನಿನ ಮೇಲೆ ಕೊಡುವ ಕ್ಯಾಶ್ ಕ್ರೆಡಿಟ್ ಇದಕ್ಕೆ ಹತ್ತಿರದ್ದೇ, ಆದರೆ ಅಲ್ಲಿ ಮಂಜೂರಾದ ಮಿತಿ ಬೇರೆ, ತೆಗೆಯಬಹುದಾದ ಮೊತ್ತ ಬೇರೆ. ತಿಂಗಳಿಗೊಮ್ಮೆ ಕೊಡುವ ದಾಸ್ತಾನಿನ ಪಟ್ಟಿಯಿಂದ ಸಾಲಕ್ಕೆ ಸರಕು ಕೊಟ್ಟವರಿಗೆ ಕೊಡಬೇಕಾದದ್ದನ್ನು ಕಳೆದು, ಬ್ಯಾಂಕು ತನ್ನ ಭದ್ರತೆಗೆಂದು ಬಿಡುವ ಅಂಚನ್ನೂ (ಮಾರ್ಜಿನ್) ಕಳೆದು ಉಳಿದದ್ದೇ ಡ್ರಾಯಿಂಗ್ ಪವರ್. ಪಟ್ಟಿ ಕೊಡಲು ತಡವಾದರೆ ದಂಡ ಶುಲ್ಕ ಬೀಳುತ್ತದೆ. ಬಹಳ ತಡವಾದರೆ ಡ್ರಾಯಿಂಗ್ ಪವರ್ ಇಳಿದು ಮಿತಿಯಿದ್ದರೂ ಚೆಕ್ಕು ಮರಳುತ್ತದೆ. ಮಿತಿಯ ವಾರ್ಷಿಕ ನವೀಕರಣದ ದಿನಾಂಕವನ್ನು ಎರಡು ತಿಂಗಳು ಮುಂಚೆಯೇ ಗುರುತು ಹಾಕಿಕೊಳ್ಳಿ.

ವ್ಯಾಪಾರವಿಲ್ಲದ ಸಂಸಾರಸ್ಥರಿಗೆ ನಾನು ಯಾವಾಗಲೂ ಹೇಳುವುದು ಠೇವಣಿಯ ಮೇಲಿನ ಓಡಿಯನ್ನು. ಆಸ್ಪತ್ರೆಯ ಖರ್ಚು ಬಂತೆಂದು 2 ಲಕ್ಷದ ಠೇವಣಿಯನ್ನು ಅವಧಿಗೆ ಮುಂಚೆ ಮುರಿದರೆ ಬಡ್ಡಿಯ ದರ ಕಡಿತವಾಗುತ್ತದೆ. ಮುರಿಯುವ ಬದಲು ಅದರ ಮೇಲೆ ಓಡಿ ಪಡೆದರೆ ಠೇವಣಿಯ ಬಡ್ಡಿ ನಿಲ್ಲುವುದಿಲ್ಲ. ಓಡಿಯ ಬಡ್ಡಿ ಠೇವಣಿಯ ದರಕ್ಕಿಂತ ಒಂದೆರಡು ಶೇಕಡಾ ಮಾತ್ರ ಹೆಚ್ಚಿರುತ್ತದೆ. 50,000 ರೂಪಾಯಿಯನ್ನು 20 ದಿನಕ್ಕೆ ಶೇಕಡಾ 7.5ರಲ್ಲಿ ಬಳಸಿದರೆ ಬಡ್ಡಿ ಸುಮಾರು 205 ರೂಪಾಯಿ. ಮನೆಯಲ್ಲಿ ಹಿರಿಯರಿದ್ದರೆ ಈ ಓಡಿಯನ್ನು ಮೊದಲೇ ಮಾಡಿಸಿ, ಬಳಸದೆ ಇಟ್ಟುಕೊಳ್ಳುವುದು ಒಳ್ಳೆಯದು. ಬಳಸದ ದಿನಕ್ಕೆ ಬಡ್ಡಿ ಇಲ್ಲ. 2014ರ ಆಗಸ್ಟಿನಲ್ಲಿ ಆರಂಭವಾದ ಜನಧನ ಯೋಜನೆಯ ಖಾತೆಗಳಿಗೂ 10,000 ರೂಪಾಯಿವರೆಗಿನ ಓಡಿ ಇದೆ. ಖಾತೆ ಆರು ತಿಂಗಳು ಸರಿಯಾಗಿ ನಡೆದಿರಬೇಕು. ಹೋಟೆಲಿನ ಹುಡುಗರಲ್ಲಿ ಎಷ್ಟೋ ಮಂದಿಗೆ ಆ ಖಾತೆ ಇದೆ, ಈ ಸೌಲಭ್ಯ ಇರುವುದು ತಿಳಿದಿಲ್ಲ, ಮಾಲೀಕರ ಮುಂದೆಯೋ ಬಡ್ಡಿಯವನ ಮುಂದೆಯೋ ಕೈಯೊಡ್ಡುತ್ತಾರೆ.

ಕಂತು ಮತ್ತು ಚೆಕ್ಕು ಮರಳದಂತೆ

ಸಾಲದ ಕಂತು, ವಿಮೆಯ ಪ್ರೀಮಿಯಂ, ಮ್ಯೂಚುವಲ್ ಫಂಡಿನ ಎಸ್‌ಐಪಿ ಇವು ನ್ಯಾಚ್ ಎಂಬ ವ್ಯವಸ್ಥೆಯ ಮೂಲಕ ಖಾತೆಯಿಂದ ಹೋಗುತ್ತವೆ. 2021ರ ಆಗಸ್ಟ್ 1ರಿಂದ ನ್ಯಾಚ್ ವಾರದ ಏಳೂ ದಿನ ನಡೆಯುತ್ತದೆ. "5ನೇ ತಾರೀಖು ಭಾನುವಾರ, ಸೋಮವಾರ ತುಂಬಿದರಾಯಿತು" ಎನ್ನುವ ಹಳೆಯ ಅಭ್ಯಾಸ ಇನ್ನು ನಡೆಯದು. ಹಿಂದಿನ ಸಂಜೆಯೇ ಹಣ ಅಲ್ಲಿರಬೇಕು, ಏಕೆಂದರೆ ಕಡಿತ ಬೆಳಗಿನ ಜಾವದಲ್ಲೇ ಆಗಬಹುದು. ಚೆಕ್ಕಿನ ಕಥೆಯೂ ಹೀಗೆಯೇ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳು ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನಿರಂತರವಾಗಿ ಕ್ಲಿಯರಿಂಗಿಗೆ ಹೋಗಿ ಅದೇ ದಿನ ಇತ್ಯರ್ಥವಾಗುತ್ತಿವೆ. ದಿನಸಿ ಮಂಡಿಯವನಿಗೆ ಇಂದು ಚೆಕ್ಕು ಬರೆದು, ನಾಳೆಯ ಗಲ್ಲಾಪೆಟ್ಟಿಗೆಯಿಂದ ಖಾತೆ ತುಂಬುತ್ತಿದ್ದವರಿಗೆ ಆ ಒಂದು ದಿನದ ಬಿಡುವು ಈಗ ಇಲ್ಲ. ಹಣವಿಲ್ಲದೆ ಚೆಕ್ಕು ಮರಳುವುದು ಶುಲ್ಕದ ಮಾತಷ್ಟೇ ಅಲ್ಲ. ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನಂತೆ ಅದು ಎರಡು ವರ್ಷದವರೆಗೆ ಸೆರೆ, ಚೆಕ್ಕಿನ ಇಮ್ಮಡಿಯವರೆಗೆ ದಂಡ ಅಥವಾ ಎರಡಕ್ಕೂ ಗುರಿಯಾಗಬಹುದಾದ ಅಪರಾಧ. ನೋಟಿಸು ಕೈಗೆ ಬಂದ 15 ದಿನಗಳೊಳಗೆ ಹಣ ಕೊಟ್ಟರೆ ಮೊಕದ್ದಮೆ ಹೂಡುವಂತಿಲ್ಲ. ಹಾಗಾಗಿ ಅಂಥ ನೋಟಿಸನ್ನು ತೆರೆಯದೆ ಬದಿಗಿಡಬಾರದು.

ಮೊದಲು ಹೇಳಿದ ಆ ಗೃಹಿಣಿಗೆ ನಾನು ಮಾಡಿಸಿದ್ದು ಇಷ್ಟೇ. ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ಅರ್ಜಿ ಕೊಟ್ಟು ಕಂತಿನ ದಿನಾಂಕವನ್ನು 5ರಿಂದ 10ಕ್ಕೆ ಬದಲಾಯಿಸಿಕೊಂಡೆವು. ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲ, ಆದರೆ ಕೇಳಿದರೆ ಒಪ್ಪುವವು ಕಡಿಮೆಯೇನಿಲ್ಲ. ಒಪ್ಪದಿದ್ದರೆ ಒಂದು ಕಂತಿನಷ್ಟು ಹಣವನ್ನು ಕಂತು ಹೋಗುವ ಖಾತೆಯಲ್ಲೇ ಶಾಶ್ವತವಾಗಿ ಬಿಟ್ಟು, ಅದನ್ನು ತಮ್ಮದಲ್ಲವೆಂದೇ ಭಾವಿಸಬೇಕು. ಕಂತುಗಳೆಲ್ಲ ಒಂದೇ ಖಾತೆಯಿಂದ ಹೋಗುವಂತೆ ಮಾಡಿ, ಯುಪಿಐ ಖರ್ಚಿಗೆ ಬೇರೆ ಖಾತೆ ಬಳಸಿದರೆ ಇನ್ನೂ ಲೇಸು. ತರಕಾರಿ, ರಿಕ್ಷಾ ಎಂದು ಹತ್ತು ಇಪ್ಪತ್ತು ರೂಪಾಯಿಗಳಾಗಿ ಸೋರಿಹೋದ ಹಣವೇ ಕಂತಿನ ದಿನ ಕಡಿಮೆ ಬೀಳುವುದು. ಕಂತು ಮರಳಿದ್ದು ತಿಳಿದ ಕೂಡಲೇ ಹಣ ತುಂಬಿ ಸುಮ್ಮನಾಗಬೇಡಿ: ಸಂಸ್ಥೆ ಮತ್ತೆ ಯಾವ ದಿನ ಕೇಳುತ್ತದೆ ಎಂದು ವಿಚಾರಿಸಿ, ಅಥವಾ ಅದೇ ದಿನ ಅವರ ಆಪ್ ಮೂಲಕ ನೇರವಾಗಿ ಪಾವತಿಸಿ ಎರಡನೆಯ ಬಾರಿ ಕೇಳದಂತೆ ಮಾಡಿ.

ಹಣ ತಾನಾಗಿ ಕಡಿತವಾಗಲೆಂದು ಆಪ್‌ಗಳಿಗೆ ಕೊಟ್ಟ ಯುಪಿಐ ಆಟೋಪೇ ಮತ್ತು ಕಾರ್ಡಿನ ಇ‑ಮ್ಯಾಂಡೇಟುಗಳಿಗೆ ಕಡಿತಕ್ಕೆ 24 ಗಂಟೆ ಮುಂಚೆ ಸಂದೇಶ ಬರಬೇಕು. ಅದನ್ನು ಜಾಹೀರಾತೆಂದು ಅಳಿಸಬೇಡಿ. ವರ್ಷಕ್ಕೆರಡು ಬಾರಿ ಯುಪಿಐ ಆಪಿನಲ್ಲಿ ಆಟೋಪೇ ಪಟ್ಟಿಯನ್ನು ತೆರೆದು ಬೇಡದ್ದನ್ನು ರದ್ದುಮಾಡಿ.

ಎಟಿಎಂನ ಲೆಕ್ಕ ಸರಳ. ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ 5 ವ್ಯವಹಾರ ಉಚಿತ. ಬೇರೆ ಬ್ಯಾಂಕಿನದರಲ್ಲಿ ಮುಂಬಯಿ ಸೇರಿದ ಆರು ಮಹಾನಗರಗಳಲ್ಲಿ 3, ಉಳಿದೆಡೆ 5. ಪುಣೆಯೂ ಗೋವೆಯೂ ಉಳಿದೆಡೆಯ ಲೆಕ್ಕಕ್ಕೆ ಸೇರುತ್ತವೆ. ಶಿಲ್ಕು ನೋಡಿದ್ದೂ ಒಂದು ವ್ಯವಹಾರವೆಂದೇ ಎಣಿಕೆಯಾಗುತ್ತದೆ. ಮಿತಿ ಮೀರಿದರೆ 2025ರ ಮೇ 1ರಿಂದ ಪ್ರತಿ ಬಾರಿ 23 ರೂಪಾಯಿವರೆಗೆ ಮತ್ತು ಜಿಎಸ್‌ಟಿ. ಹಣ ಸಾಲದೆ ಎಟಿಎಂ ನಿರಾಕರಿಸಿದರೂ ಹಲವು ಬ್ಯಾಂಕುಗಳು ಶುಲ್ಕ ಹಾಕುತ್ತವೆ. ಖಾತೆಯಿಂದ ಹಣ ಹೋಗಿ ಯಂತ್ರದಿಂದ ನೋಟು ಬಾರದಿದ್ದರೆ, ವ್ಯವಹಾರವಾದ ದಿನದ ನಂತರ 5 ದಿನಗಳೊಳಗೆ ಅದು ಮರಳಿ ಜಮೆಯಾಗಬೇಕು. ತಡವಾದ ಪ್ರತಿ ದಿನಕ್ಕೆ ಬ್ಯಾಂಕು 100 ರೂಪಾಯಿ ಪರಿಹಾರ ಕೊಡಬೇಕು, ನೀವು ಕೇಳದಿದ್ದರೂ.

ಊರಿನ ಖಾತೆ

ಮುಂಬಯಿ ಕನ್ನಡಿಗರಲ್ಲಿ ಬಹುಪಾಲು ಮಂದಿಗೆ ಊರಲ್ಲೊಂದು, ಇಲ್ಲೊಂದು ಖಾತೆ ಇದೆ. ತಂದೆ ತೆರೆದುಕೊಟ್ಟ ಆ ಹಳೆಯ ಖಾತೆ ವಿಜಯಾ ಬ್ಯಾಂಕಿನದಾಗಿದ್ದರೆ 2019ರ ಏಪ್ರಿಲ್ 1ರಿಂದ ಬ್ಯಾಂಕ್ ಆಫ್ ಬರೋಡಾದಲ್ಲಿದೆ. ಸಿಂಡಿಕೇಟ್ ಬ್ಯಾಂಕಿನದಾಗಿದ್ದರೆ 2020ರ ಏಪ್ರಿಲ್ 1ರಿಂದ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕಿನದಾಗಿದ್ದರೆ ಅದೇ ದಿನದಿಂದ ಯೂನಿಯನ್ ಬ್ಯಾಂಕಿನಲ್ಲಿ. ಬ್ಯಾಂಕು ಬದಲಾದಂತೆ ಶುಲ್ಕಪಟ್ಟಿಯೂ ಬದಲಾಗಿದೆ, ಹಳೆಯ ಚೆಕ್ಕುಗಳು ನಡೆಯುವುದಿಲ್ಲ, ಹಳೆಯ ಐಎಫ್‌ಎಸ್‌ಸಿಯೂ ಇಲ್ಲ.

ಎರಡು ವರ್ಷ ನೀವಾಗಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಅಂಥ ಖಾತೆಗೆ ಕನಿಷ್ಠ ಶಿಲ್ಕಿನ ದಂಡ ಹಾಕುವಂತಿಲ್ಲ, ಮತ್ತೆ ಚಾಲನೆಗೆ ತರಲು ಶುಲ್ಕವನ್ನೂ ಕೇಳುವಂತಿಲ್ಲ. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಸೂಚನೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಹತ್ತು ವರ್ಷ ದಾಟಿದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ಆದರೂ ವಾರಸುದಾರರು ಬ್ಯಾಂಕಿನ ಮೂಲಕ ಅದನ್ನು ಮರಳಿ ಪಡೆಯಬಹುದು. ಹುಡುಕಲು ಉದ್ಗಮ್ ಎಂಬ ಪೋರ್ಟಲ್ 2023ರಿಂದ ಇದೆ. ಎರಡೂ ಖಾತೆಯವರು ಮೇ ತಿಂಗಳ ಕೊನೆಯ ವಾರ ಎರಡೂ ಪಾಸ್‌ಬುಕ್ಕುಗಳನ್ನು ನೋಡಬೇಕು. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ 436 ರೂಪಾಯಿ ಮತ್ತು ಸುರಕ್ಷಾ ವಿಮೆಯ 20 ರೂಪಾಯಿ ಆಗ ತಾನಾಗಿ ಕಡಿತವಾಗುತ್ತದೆ. ಶಾಖೆಯವರು ಹೇಳಿದರೆಂದು ಎರಡೂ ಕಡೆ ಸಹಿ ಹಾಕಿದವರಿದ್ದಾರೆ. ಪ್ರೀಮಿಯಂ ಎರಡು ಕಡೆ ಹೋಗುತ್ತದೆ, ಆದರೆ ವಿಮೆಯ ಹಣ ಸಿಗುವುದು ಒಂದು ಖಾತೆಯಿಂದ ಮಾತ್ರ.

ಶುಲ್ಕ ಬಿದ್ದ ಮೇಲೆ

ಅರ್ಥವಾಗದ ಸಾಲು ಪಾಸ್‌ಬುಕ್ಕಿನಲ್ಲಿ ಕಂಡರೆ ತಡಮಾಡದೆ ಕೇಳಬೇಕು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಿದರೆ "ಸಿಸ್ಟಮ್ ಹಾಕಿದ್ದು" ಎಂಬ ಉತ್ತರ ಬರುವುದುಂಟು. ಆ ಉತ್ತರವನ್ನು ನಾನೂ ಒಂದು ಕಾಲದಲ್ಲಿ ಕೊಟ್ಟಿದ್ದೇನೆ, ಅದಕ್ಕಾಗಿ ಇಂದು ಬೇಸರವಿದೆ. ಬರೆದು ಕೇಳಿ. ಪತ್ರದಲ್ಲಿ ಶುಲ್ಕ ಬಿದ್ದ ತಾರೀಖು, ಮೊತ್ತ, ಪಾಸ್‌ಬುಕ್ಕಿನಲ್ಲಿರುವ ಒಕ್ಕಣೆ ಇವನ್ನು ಇದ್ದಂತೆ ಬರೆದು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಇದು ಶುಲ್ಕಪಟ್ಟಿಯ ಯಾವ ಕಲಮಿನಂತೆ ಹಾಕಿದ್ದು, ಲೆಕ್ಕ ಹೇಗೆ ಬಂತು, ಮುಂಚಿತವಾಗಿ ನನಗೆ ಯಾವ ದಿನ ತಿಳಿಸಿದ್ದೀರಿ. ಕನ್ನಡದಲ್ಲಿ ಬರೆಯಲು ಬಯಸುವವರು ಇಂಗ್ಲಿಷ್ ಅಥವಾ ಹಿಂದಿಯ ಪ್ರತಿಯೊಂದನ್ನು ಮಕ್ಕಳಿಂದ ಬರೆಯಿಸಿ ಜೊತೆಗಿಟ್ಟರೆ ಮುಂಬಯಿಯ ಶಾಖೆಯಲ್ಲಿ ಕೆಲಸ ಬೇಗ ಆಗುತ್ತದೆ. ಮೊದಲ ಬಾರಿ ಆದದ್ದಾದರೆ, ಹಳೆಯ ಗ್ರಾಹಕರಾದರೆ, ಶುಲ್ಕವನ್ನು ಮರಳಿಸುವ ಅಧಿಕಾರ ಮ್ಯಾನೇಜರಿಗೆ ಸಾಮಾನ್ಯವಾಗಿ ಇರುತ್ತದೆ. ವಿನಯದಿಂದ ಕೇಳುವುದಕ್ಕೆ ಸಂಕೋಚ ಬೇಡ. ಆ ಗೃಹಿಣಿಗೆ 6ನೇ ತಾರೀಖಿನ ಎರಡನೆಯ 590 ರೂಪಾಯಿ ಹೀಗೆಯೇ ಮರಳಿ ಬಂತು, ಮೊದಲನೆಯದು ಬರಲಿಲ್ಲ.

ಪತ್ರಕ್ಕೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ, ಅಂದರೆ ಓಂಬುಡ್ಸ್‌ಮನ್ ಅವರಿಗೆ, ರಿಸರ್ವ್ ಬ್ಯಾಂಕಿನ ದೂರುಗಳ ಜಾಲತಾಣವಾದ ಸಿಎಂಎಸ್ ಪೋರ್ಟಲಿನಲ್ಲಿ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. 14448 ಎಂಬ ಸಂಖ್ಯೆಗೆ ಕರೆಮಾಡಿದರೆ ದೂರು ಬರೆಯುವ ಕ್ರಮವನ್ನು ತಿಳಿಸುತ್ತಾರೆ. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರವಾಗಿ ಅಲ್ಲಿಗೆ ಹೋದರೆ ಅರ್ಜಿ ತಿರಸ್ಕೃತವಾಗುತ್ತದೆ. ಆದ್ದರಿಂದ ಶಾಖೆಯಲ್ಲಿ ಪತ್ರ ಕೊಡುವಾಗ ಅದರ ಇನ್ನೊಂದು ಪ್ರತಿಯ ಮೇಲೆ ಮೊಹರು ಮತ್ತು ಅಂದಿನ ತಾರೀಖನ್ನು ಹಾಕಿಸಿಕೊಂಡೇ ಹೊರಗೆ ಬನ್ನಿ. ಆ 30 ದಿನಗಳ ಎಣಿಕೆ ಶುರುವಾಗುವುದು ಆ ತಾರೀಖಿನಿಂದ.